ಎಡಗಣ್ಣಿನ ಕಾಲಂ

ಕನ್ನಡಕವನ್ನು ತಲೆಕೆಳಗಾಗಿ ಹಾಕಿಕೊಂಡು ಬಟ್ಟೆ ಹೊಲಿಯುವವರನ್ನು ನೀವು ಯಾವತ್ತಾದರೂ ನೋಡಿದ್ದೀರಾ?

ನಾನು ನೋಡಿದೆ. ಶಾಗ್ಯದಲ್ಲಿ. ಚಿಕ್ಕಮ್ಮನಿಗೆ ಮಂಡಿನೋವು ಜಾಸ್ತಿಯಾಗಿದೆ ಅಂತ ಒಂದು ಭಾನುವಾರ ಕೊಳ್ಳೇಗಾಲದಿಂದ ಹೋಗಿದ್ದೆ. ಪಕ್ಕದ ಮನೆಯ ಜಗಲಿ ಮೇಲೆ ಚಿಕ್ಕತಾಯಮ್ಮ ಕೂತಿದ್ದರು. ಊರಿನ ಅರ್ಧ ಹೆಂಗಸರ ರವಿಕೆ ಹೊಲಿಯುವ ಕೈ ಅದು. ನನ್ನ ಮದುವೆಯ ರವಿಕೆಗಳನ್ನು ಹೊಲಿದದ್ದೂ ಅವರೇ. ಅವತ್ತು ಮೆಷಿನ್ ಮುಂದೆ ಇರಲಿಲ್ಲ. ಯಾವುದೋ ಮಗುವಿನ ಲಂಗದ ಅಂಚನ್ನು ಕೈಯಲ್ಲೇ ಮಡಚಿ ಹೊಲಿಯುತ್ತಿದ್ದರು. ಮೂಗಿನ ಮೇಲೆ ಹೊಚ್ಚ ಹೊಸ ಕನ್ನಡಕ. ಕಿವಿಯ ಹಿಂದೆ ಕೆಳಗೆ ಬಾಗಬೇಕಾದ ಅದರ ಕಡ್ಡಿಗಳ ತುದಿ ಆಕಾಶ ನೋಡುತ್ತಿತ್ತು. ಜಾರಿ ಬೀಳದಿರಲಿ ಅಂತ ತಲೆಯ ಹಿಂದೆ ಕಪ್ಪು ದಾರ ಕಟ್ಟಿದ್ದರು.

ಅವಸರದಲ್ಲಿ ತಿರುಗುಮುರುಗು ಹಾಕಿಕೊಂಡಿದ್ದಾರೆ ಅಂದುಕೊಂಡು ಹೇಳಿದೆ. ಅವರು ಸೂಜಿಯಿಂದ ಕಣ್ಣು ತೆಗೆಯಲಿಲ್ಲ.

"ನೆಟ್ಟಗ ಆಕ್ಕಂಡ್ರ ಎರಡ್ ಕಣ್ಣೂ ಮಂಜು ಕಣವ್ವ. ಉಲ್ಟಾ ಆಕ್ಕಂಡ್ರ ಎಡಗಣ್ಣಾದ್ರೂ ಕಾಣ್ತದ."

ನನಗೆ ಮುಖ ಎಲ್ಲಿಡುವುದೋ ಗೊತ್ತಾಗಲಿಲ್ಲ. ಯಾಕೆಂದರೆ ಆ ಕನ್ನಡಕ ಕೊಟ್ಟವರು ನಾವೇ.

ನಾವು ಅಂದರೆ ಕೊಳ್ಳೇಗಾಲದ ನಮ್ಮ ಗೆಳೆಯರ ಬಳಗ. ದೊಡ್ಡ ಸಂಘವೇನಲ್ಲ, ಬೋರ್ಡೂ ಇಲ್ಲ, ಅಧ್ಯಕ್ಷರೂ ಇಲ್ಲ. ಸ್ಕೂಲಿನಲ್ಲಿ ಜೊತೆಗೆ ಓದಿದವರು ವರ್ಷಕ್ಕೊಮ್ಮೆ ಏನಾದರೂ ಮಾಡೋಣ ಅಂತ ಸೇರುತ್ತೇವೆ. ಈ ಸಲ ಕಣ್ಣು ಪರೀಕ್ಷೆ. ಐಡಿಯಾ ಶಿವಕುಮಾರನದು. ಅವನದೇ ಕನ್ನಡಕದ ಅಂಗಡಿ ಇದೆ. ಅಲ್ಲಿ ಕೆಲಸ ಮಾಡುವ ರೇಖಾ ಕಣ್ಣು ಪರೀಕ್ಷೆಯ ಡಿಪ್ಲೊಮಾ ಓದಿದವಳು. ಮೂರು ಊರು ಆರಿಸಿಕೊಂಡೆವು. ಯಳಂದೂರು ಕಡೆಯ ಅಗರ, ಆಮೇಲೆ ಕಾಡಿನಂಚಿನ ಗೋಪಿನಾಥಂ, ಕೊನೆಗೆ ಹನೂರು ಕಡೆಯ ಶಾಗ್ಯ.

ಎರಡೂ ಕಣ್ಣಿಗೆ ಒಂದೇ ನಂಬರ್ ಬಂದವರಿಗೆ ಅಲ್ಲೇ ರೆಡಿಮೇಡ್ ಕನ್ನಡಕ ಕೊಟ್ಟು ಕಳಿಸಿದೆವು. ಬಲಗಣ್ಣಿಗೊಂದು, ಎಡಗಣ್ಣಿಗೊಂದು ನಂಬರ್ ಬಂದವರಿಗೆ ಮಾತ್ರ ಗಾಜು ಬೇರೆ ಬೇರೆ ಕಡೆಸಬೇಕು. ಅವರ ಹೆಸರು, ನಂಬರುಗಳನ್ನು ರೇಖಾ ಮೊಬೈಲಿನಲ್ಲಿ ಟೈಪ್ ಮಾಡಿಕೊಂಡಳು. ಹದಿನೈದು ದಿನದ ಮೇಲೆ ಕನ್ನಡಕಗಳು ಊರೂರಿಗೆ ಹೋದವು. ಅಗರದಿಂದ ಥ್ಯಾಂಕ್ಸ್ ಬಂತು, ಜೊತೆಗೆ ಒಂದು ಚೀಲ ಹಸಿ ಅವರೆಕಾಯಿ ಬಂತು. ನಾವೆಲ್ಲ ಗ್ರೂಪಿನಲ್ಲಿ ಕೈಮುಗಿಯುವ ಚಿತ್ರ ಹಾಕಿ, ಒಬ್ಬರ ಬೆನ್ನು ಒಬ್ಬರು ತಟ್ಟಿಕೊಂಡು ಮುಗಿಸಿದ್ದೆವು.

ಈಗ ನೋಡಿದರೆ ಚಿಕ್ಕತಾಯಮ್ಮನ ಉಲ್ಟಾ ಕನ್ನಡಕ!

ಇಷ್ಟು ದಿನ ಯಾಕೆ ಹೇಳಲಿಲ್ಲ ಅಂತ ಕೇಳಿದೆ. ಕೊಟ್ಟವರು ಒಳ್ಳೇ ಮನಸ್ಸಿನಿಂದ ಕೊಟ್ಟಿದ್ದಾರೆ, ಅದರಲ್ಲಿ ಐಬು ಹುಡುಕುವುದು ಹೇಗೆ ಅಂದರು. ಅದೂ ಅಲ್ಲದೆ, ಐಬು ಕನ್ನಡಕದಲ್ಲಿದೆ ಅಂತ ಅವರಿಗೆ ಅನ್ನಿಸಿಯೇ ಇರಲಿಲ್ಲ. ಪರೀಕ್ಷೆ ಮಾಡಿದ ಹುಡುಗಿ ಅಷ್ಟು ಚೆನ್ನಾಗಿ ನೋಡಿದಳು. ಡಬ್ಬಿಯ ಮೇಲೆ ತಮ್ಮ ಹೆಸರು ಪ್ರಿಂಟ್ ಆಗಿ ಬಂತು. ಇಷ್ಟೆಲ್ಲ ಆದ ಮೇಲೂ ಕಾಣುತ್ತಿಲ್ಲ ಅಂದರೆ ಕಣ್ಣೇ ಹೋಗಿರಬೇಕು. ಅವರ ಲೆಕ್ಕ ಇದು.

ಮಾತು ಇಲ್ಲಿಗೆ ನಿಂತಿದ್ದರೆ ನಾನೂ ನಕ್ಕು ಸುಮ್ಮನಾಗುತ್ತಿದ್ದೆನೇನೋ. ಒಳಗೆ ಹೊಲಿಗೆ ಮೆಷಿನ್ ಮೇಲೆ ಹಳೇ ಬೆಡ್‌ಶೀಟ್ ಹೊದಿಸಿತ್ತು. ಯಾಕೆ ಅಂದೆ. ಹನೂರಿನಲ್ಲಿರುವ ತಮ್ಮನ ಮಗಳು ಮಂಜುಳ ಹೊಲಿಗೆ ಕಲಿತಿದ್ದಾಳಂತೆ. ಅವಳಿಗೆ ಕೊಟ್ಟುಬಿಡುತ್ತೇನೆ, ಈ ವಾರ ಬಂದು ಗಾಡಿಯಲ್ಲಿ ಹಾಕಿಕೊಂಡು ಹೋಗುತ್ತಾಳೆ ಅಂದರು. ಮದುವೆ ಸೀಸನ್ನಿನ ರವಿಕೆ ಬಟ್ಟೆಗಳನ್ನೆಲ್ಲ ಆಗಲೇ ವಾಪಸ್ ಕಳಿಸಿದ್ದರು. ಹಾಳು ಮಾಡಿ ಬೈಸಿಕೊಳ್ಳುವುದಕ್ಕಿಂತ ಮೊದಲೇ ಬಿಡುವುದು ವಾಸಿ ಅಂತ.

ಇದನ್ನೆಲ್ಲ ಅವರು ಹೇಳಿದ್ದು ಬೇಸರದಿಂದಲ್ಲ. ಬಸ್ ಟೈಮ್ ಹೇಳಿದ ಹಾಗೆ ಹೇಳಿದರು. ನನಗೆ ಅದೇ ತಡೆಯಲಾಗಲಿಲ್ಲ.

ಮಂಜುಳ ಬಂದರೆ ನಾನು ಹೇಳುವವರೆಗೆ ಮೆಷಿನ್ ಕೊಡಬೇಡಿ ಅಂತ ಹೇಳಿ ಬಸ್ ಹತ್ತಿದೆ. ಅವರು ಹೂಂ ಅಂದರು. ಆ ಹೂಂನಲ್ಲಿ ನಂಬಿಕೆ ಇರಲಿಲ್ಲ.

ಮರುದಿನ ಶಿವಕುಮಾರನ ಅಂಗಡಿಗೆ ಹೋದೆ. ಅವನು ಒಳ್ಳೆಯವನು, ಆದರೆ ತನ್ನ ಕೆಲಸದ ಮೇಲೆ ವಿಪರೀತ ಭರವಸೆ. ವಿಷಯ ಕೇಳಿ ಮುಖ ಸಣ್ಣದಾಯಿತು. ಆಮೇಲೆ ಎಲ್ಲಾ ಕನ್ನಡಕದಂಗಡಿಯವರೂ ಹೇಳುವ ಮಾತನ್ನೇ ಹೇಳಿದ. ಹೊಸ ಕನ್ನಡಕ, ಅಭ್ಯಾಸ ಆಗುವುದಕ್ಕೆ ಒಂದು ವಾರ ಬೇಕು. (ನಿಮಗೂ ಹೇಳಿರುತ್ತಾರೆ. ಚಪ್ಪಲಿ ಅಂಗಡಿಯವರು ಹೇಳುವುದೂ ಇದನ್ನೇ.) ಅಗರದವರಿಗೆ ಸರಿಹೋಗಿದೆ, ಅವರೆಕಾಯಿ ಬೇರೆ ಕಳಿಸಿದ್ದಾರೆ, ಶಾಗ್ಯದವರಿಗೆ ಮಾತ್ರ ಯಾಕೆ ಸರಿಹೋಗಲ್ಲ ಅಂತ ನನ್ನನ್ನೇ ಕೇಳಿದ.

ಒಬ್ಬರಿಗಾ, ಎಲ್ಲರಿಗಾ? ಅದು ನನಗೂ ಗೊತ್ತಿರಲಿಲ್ಲ. ಅಲ್ಲಿಂದಲೇ ಚಿಕ್ಕಮ್ಮನಿಗೆ ಫೋನ್ ಮಾಡಿದೆ. ಮಂಡಿನೋವಿನ ಚಿಕ್ಕಮ್ಮ ನಡೆಯುವುದಿಲ್ಲ, ಆದರೆ ಜಗಲಿಯಲ್ಲಿ ಕೂತೇ ಊರನ್ನೆಲ್ಲ ಕರೆಸಬಲ್ಲರು. ಮಧ್ಯಾಹ್ನದ ಹೊತ್ತಿಗೆ ವರದಿ ಬಂತು. ಒಬ್ಬರು ಕನ್ನಡಕವನ್ನು ದೇವರ ಗೂಡಿನಲ್ಲಿ ಇಟ್ಟಿದ್ದಾರೆ. ಇನ್ನೊಬ್ಬರು ಹನೂರಿಗೆ ಹೋಗುವಾಗ ಮಾತ್ರ ಜೇಬಿಗೆ ಸಿಕ್ಕಿಸಿಕೊಂಡು ಹೋಗುತ್ತಾರೆ. ಮತ್ತೊಬ್ಬರು ಹೆಂಡತಿಗೆ ಕೊಟ್ಟಿದ್ದಾರೆ, ಅವಳಿಗೂ ಕಾಣುತ್ತಿಲ್ಲ. ಯಾರಿಗೂ ಸರಿಯಿಲ್ಲ. ಯಾರೂ ಹೇಳಿಲ್ಲ. ಒಬ್ಬೊಬ್ಬರೂ ತಮ್ಮ ಕಣ್ಣೇ ಕೆಟ್ಟಿದೆ ಅಂದುಕೊಂಡು ಮನೆಯೊಳಗೆ ಸುಮ್ಮನಿದ್ದಾರೆ.

ತಲೆಕೆಳಗೆ ಹಾಕಿಕೊಂಡು ನೋಡಿ ಅಂತ ಚಿಕ್ಕಮ್ಮ ಒಂದಿಬ್ಬರಿಗೆ ಹೇಳಿದರಂತೆ. ಹಾಕಿದವರೆಲ್ಲ ಹೇಳಿದ್ದು ಒಂದೇ ಮಾತು. ಎಡಗಣ್ಣು ಕಾಣುತ್ತದೆ.

ಇದನ್ನು ಕೇಳಿ ಶಿವಕುಮಾರ ಮೇಜಿನ ಮೇಲಿದ್ದ ಒಂದು ಕನ್ನಡಕ ಎತ್ತಿಕೊಂಡು ತಿರುಗಿಸಿ ನೋಡಿದ. ಕನ್ನಡಕವನ್ನು ಮೇಲುಕೆಳಗು ತಿರುಗಿಸಿದರೆ ಏನಾಗುತ್ತದೆ ಅನ್ನುವುದು ಅವನಿಗೆ ಗೊತ್ತಿಲ್ಲದ ವಿಷಯವಲ್ಲ. ಬಲಗಡೆ ಗಾಜು ಎಡಗಣ್ಣಿನ ಮುಂದೆ ಬರುತ್ತದೆ. ಅಂದರೆ ಇವರೆಲ್ಲರ ಎಡಗಣ್ಣಿನ ಗಾಜು ಬಲಗಡೆಗೆ ಹೋಗಿ ಕೂತಿದೆ. ಒಬ್ಬರದಾದರೆ ಕೈತಪ್ಪು. ಊರಿಗೂರೇ ಆದರೆ?

"ನಂಬರುಗಳ ಟೇಬಲ್ ತೆಗಿ," ಅಂದೆ.

ಈ ಅಂಕಣ ಓದುವ ನಿಮಗೆ ಗೊತ್ತೇ ಇದೆ, ನನ್ನ ಅನ್ನ ಆಡಿಟರ್ ಆಫೀಸಿನಲ್ಲಿ. ಬೆಳಗಿನಿಂದ ಸಾಯಂಕಾಲದವರೆಗೆ ಎಕ್ಸೆಲ್ ಶೀಟುಗಳ ಮುಂದೆ ಕೂರುವ ಕೆಲಸ. ಆದರೆ ಈ ಟೇಬಲ್ ಮಾಡಿದ್ದು ನಾನಲ್ಲ. ಆಫೀಸಿನ ತಲೆಬಿಸಿಯಲ್ಲಿ ನನಗೆ ಪುರುಸೊತ್ತು ಇರಲಿಲ್ಲ. ಶಿವಕುಮಾರ ವಿಡಿಯೋ ನೋಡಿ ತಾನೇ ಕಲಿತು ಮಾಡಿದ್ದ. ಮಾಡಿದ ದಿನ ಗ್ರೂಪಿನಲ್ಲಿ ಹಾಕಿದ್ದ. ನಾವೆಲ್ಲ ಹೆಬ್ಬೆರಳು ಎತ್ತಿದ್ದೆವು.

ಅವನ ತಾಪತ್ರಯ ಏನಿತ್ತು ಅಂತ ಹೇಳುತ್ತೇನೆ, ಎಕ್ಸೆಲ್ ಗೊತ್ತಿಲ್ಲದವರೂ ಹೆದರಬೇಡಿ. ರೇಖಾ ಮೊಬೈಲಿನಲ್ಲಿ ಒಂದರ ಕೆಳಗೆ ಒಂದು ಟೈಪ್ ಮಾಡಿದ್ದಳು. ಮೊದಲ ಸಾಲಿನಲ್ಲಿ ಹೆಸರು. ಅದರ ಕೆಳಗೆ ಬಲಗಣ್ಣಿನ ನಂಬರ್. ಅದರ ಕೆಳಗೆ ಎಡಗಣ್ಣಿನ ನಂಬರ್. ಮತ್ತೆ ಇನ್ನೊಂದು ಹೆಸರು. ಅದನ್ನು ವಾಟ್ಸಾಪಿನಿಂದ ತಂದು ಎಕ್ಸೆಲ್‌ಗೆ ಸುರಿದರೆ ಎಲ್ಲವೂ ಒಂದೇ ಕಾಲಂನಲ್ಲಿ, ಬಾವಿಗೆ ಬಿಟ್ಟ ಹಗ್ಗದ ಹಾಗೆ ಕೆಳಗೆ ಕೆಳಗೆ ಇಳಿದಿರುತ್ತದೆ. ಗಾಜು ಕಡೆಯುವವರಿಗೆ ಅದು ಆಗುವುದಿಲ್ಲ. ಅವರಿಗೆ ಅಡ್ಡ ಸಾಲು ಬೇಕು. ಹೆಸರು, ಬಲ, ಎಡ.

ಇವನು ಏನು ಮಾಡಿದ? ಹೆಸರುಗಳನ್ನೆಲ್ಲ ಫಿಲ್ಟರ್ ಮಾಡಿ ಒಂದು ಕಡೆ ತೆಗೆದ. ನಂಬರುಗಳನ್ನೆಲ್ಲ ಇನ್ನೊಂದು ಕಡೆ ತೆಗೆದ. ಒಬ್ಬರಿಗೆ ಎರಡು ಕಣ್ಣು, ಹಾಗಾಗಿ ಒಬ್ಬರಿಗೆ ಎರಡು ನಂಬರ್. ಒಂದು ಫಾರ್ಮುಲಾ ಹಾಕಿ ನಂಬರುಗಳನ್ನು ಎರಡೆರಡಾಗಿ ಅಕ್ಕಪಕ್ಕ ಕೂರಿಸಿದ. ಹೆಸರಿನ ಕಾಲಂ ತಂದು ಪಕ್ಕಕ್ಕೆ ಅಂಟಿಸಿದ. ಟೇಬಲ್ ರೆಡಿ. ಅದನ್ನು ರಿಪೋರ್ಟ್ ಮಾಡುವ ಇನ್ನೊಂದು ಸಾಫ್ಟ್‌ವೇರಿಗೆ ಕೊಟ್ಟ. ಊರಿಗೊಂದು ಬಣ್ಣ, ಒಬ್ಬೊಬ್ಬರಿಗೆ ಒಂದು ಲೇಬಲ್, ಕೊನೆಗೆ ಒಂದು ಚಾರ್ಟ್ ಕೂಡ ಬಂತು.

ನೋಡುವುದಕ್ಕೆ ಎಷ್ಟು ಚೆನ್ನಾಗಿತ್ತು ಅಂದರೆ, ಅದು ತಪ್ಪಿರಬಹುದು ಅಂತ ಯಾರಿಗೂ ಅನ್ನಿಸಲಿಲ್ಲ. ಅಂದವಾಗಿ ಗೆರೆ ಎಳೆದದ್ದನ್ನು ನಾವು ಎಷ್ಟು ಬೇಗ ನಂಬುತ್ತೇವೆ ಅಲ್ವಾ? ಟೇಬಲ್ಲಿಗೂ ಚಿಕ್ಕತಾಯಮ್ಮನ ಕಣ್ಣಿಗೂ ಜಗಳ ಬಂದರೆ, ಚಿಕ್ಕತಾಯಮ್ಮನ ಕಣ್ಣಿನ ಮೇಲೇ ಅನುಮಾನ. ಅವರಿಗೂ!

ಪರದೆಯ ಮೇಲೆ ಟೇಬಲ್ ತೆರೆದ. ಮೇಲಿನಿಂದ ನೋಡಿದರೆ ಏನೂ ಗೊತ್ತಾಗಲಿಲ್ಲ. ಕೆಳಗೆ ಹೋದೆ. ಲೆಕ್ಕ ನೋಡುವವರ ಹಳೇ ಚಟ ಅದು, ಕೊನೆಯ ಸಾಲನ್ನು ಮೊದಲು ನೋಡುವುದು. ಕೊನೆಯ ಸಾಲು ಶಾಗ್ಯದ ಒಬ್ಬ ರೈತರದು. ಬಲಗಣ್ಣು ಒಂದೂವರೆ. ಎಡಗಣ್ಣೂ ಒಂದೂವರೆ.

ಎರಡೂ ಒಂದೇ ಹೇಗೆ? ಒಂದೇ ನಂಬರ್ ಇದ್ದವರಿಗೆ ಅಲ್ಲೇ ರೆಡಿಮೇಡ್ ಕನ್ನಡಕ ಕೊಟ್ಟು ಕಳಿಸಿದ್ದೆವಲ್ಲ? ಈ ಪಟ್ಟಿಯಲ್ಲಿ ಅವರು ಇರಲೇಬಾರದು.

ಶಿವಕುಮಾರನನ್ನು ಕೇಳಿದೆ. ಅವನು ಸ್ವಲ್ಪ ಹೊತ್ತು ಕತ್ತು ಕೆರೆದುಕೊಂಡ. ಟೇಬಲ್ ಮಾಡಿದಾಗ ಕೊನೆಯ ಎಡಗಣ್ಣಿನ ಚೌಕ, ಅಂದರೆ ಟೇಬಲ್ಲಿನ ಕೊನೆಯ ಮನೆ, ಖಾಲಿ ಬಂದಿತ್ತಂತೆ. ಕಾಪಿ ಮಾಡುವಾಗ ಒಂದು ಸಾಲು ಬಿಟ್ಟುಹೋಗಿರಬೇಕು ಅಂದುಕೊಂಡು, ಬಲಗಣ್ಣಿನ ನಂಬರನ್ನೇ ಎಡಗಣ್ಣಿಗೂ ಹಾಕಿದನಂತೆ. ಬಹಳ ಜನಕ್ಕೆ ಎರಡೂ ಒಂದೇ ಇರುತ್ತದಲ್ಲ ಅಂತ. ಖಾಲಿ ಬಿಟ್ಟರೆ ರಿಪೋರ್ಟ್ ಎರರ್ ತೋರಿಸುತ್ತಿತ್ತಂತೆ.

ಎರರ್ ಇತ್ತು, ಅದಕ್ಕೇ ತೋರಿಸಿದೆ ಮಾರಾಯ!

ನಂಬರುಗಳಲ್ಲಿ ಒಂದು ಕಡಿಮೆ. ಕಡಿಮೆಯಾದದ್ದು ಕೊನೆಯಲ್ಲಲ್ಲ, ಮಧ್ಯದಲ್ಲೆಲ್ಲೋ. ವಾಟ್ಸಾಪಿನಲ್ಲಿದ್ದ ರೇಖಾಳ ಮೂಲ ಮೆಸೇಜ್ ತೆಗೆದು ಹೆಸರು, ನಂಬರ್, ನಂಬರ್ ಅಂತ ಬೆರಳಿಟ್ಟುಕೊಂಡು ಓದುತ್ತಾ ಬಂದೆವು. ಅಗರ ಮುಗಿಯಿತು. ಎಲ್ಲ ಸರಿ. ಗೋಪಿನಾಥಂನ ಅರ್ಧ ದಾರಿಯಲ್ಲಿ ಸಿಕ್ಕಿತು. ಸೆಲ್ವಮ್ಮ ಅಂತ ಹೆಸರು. ಕೆಳಗೆ ಎರಡು ಅಂತ ಒಂದೇ ನಂಬರ್. ಅದರ ಕೆಳಗೆ ನೇರ ಮುಂದಿನವರ ಹೆಸರು, ಮುರುಗೇಶ.

ಈಗ ನೋಡಿ ಏನಾಯಿತು ಅಂತ. ಫಾರ್ಮುಲಾಗೆ ಸೆಲ್ವಮ್ಮ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಎರಡೆರಡು ಎಣಿಸುವುದು. ಸೆಲ್ವಮ್ಮನ ಎಡಗಣ್ಣಿನ ಮನೆ ತುಂಬಲು ಅದು ಮುರುಗೇಶನ ಬಲಗಣ್ಣಿನ ನಂಬರ್ ಎತ್ತಿಕೊಂಡಿತು. ಮುರುಗೇಶನಿಗೆ ಉಳಿದದ್ದು ಅವನ ಎಡಗಣ್ಣಿನ ನಂಬರ್, ಅದು ಬಲದ ಮನೆಗೆ ಹೋಯಿತು. ಅವನ ಎಡದ ಮನೆಗೆ ಅವನ ಮುಂದಿನವರ ಬಲಗಣ್ಣು. ಹೀಗೆ ಒಬ್ಬರ ಕಣ್ಣು ಇನ್ನೊಬ್ಬರ ಮುಖಕ್ಕೆ ಸರಿದು, ಗೋಪಿನಾಥಂ ದಾಟಿ, ಬೆಟ್ಟ ಹತ್ತಿ ಇಳಿದು, ಶಾಗ್ಯದ ಕೊನೆಯ ಮನುಷ್ಯನವರೆಗೆ ಬಂದಿದೆ. ಅಗರದವರು ಸೆಲ್ವಮ್ಮನಿಗಿಂತ ಮುಂದೆ ಇದ್ದರು. ಬಚಾವಾದರು, ಅವರೆಕಾಯಿ ಕಳಿಸಿದರು.

ಒಳಗೆ ಗಾಜು ಒರೆಸುತ್ತಿದ್ದ ರೇಖಾಳನ್ನು ಕರೆದೆವು. ಶಿವಕುಮಾರ ಸ್ವಲ್ಪ ಜೋರಾಗಿಯೇ ಕೇಳಿದ, ಒಂದು ನಂಬರ್ ಯಾಕೆ ಬಿಟ್ಟೆ ಅಂತ. ಅವಳು ಮೊಬೈಲ್ ನೋಡಿದಳು. ಬಿಟ್ಟಿಲ್ಲ ಅಂದಳು. ಆ ಅಮ್ಮನಿಗೆ ಎಡಗಣ್ಣು ಇಲ್ಲ. ಸೌದೆ ತರುವಾಗ ಮುಳ್ಳು ಹೊಡೆದು ಎಷ್ಟೋ ವರ್ಷದ ಹಿಂದೆ ಹೋಯಿತಂತೆ. ಇಲ್ಲದ ಕಣ್ಣಿಗೆ ಯಾವ ನಂಬರ್ ಹಾಕುವುದು?

ಸೊನ್ನೆ ಹಾಕಬಹುದಿತ್ತಲ್ಲ ಅಂತ ನಾನು ಅಂದೆ. ಲೆಕ್ಕದ ಬುದ್ಧಿ.

"ಸೊನ್ನೆ ಅಂದ್ರೆ ಕಣ್ಣು ಪೂರ್ತಿ ಸರಿಯಾಗಿದೆ ಅಂತ ಅರ್ಥ ಅಕ್ಕ," ಅಂದಳು ರೇಖಾ. "ಅದು ಸುಳ್ಳಾಗ್ತಿತ್ತು."

ಅವಳು ಹೇಳಿದ್ದು ನಿಜ. ಆದರೆ ಇಲ್ಲ ಅನ್ನುವುದನ್ನೂ ಒಂದು ಸಾಲಿನಲ್ಲಿ ಬರೆಯಬೇಕು ಅಂತ ಅವಳಿಗೆ ಯಾರೂ ಹೇಳಿರಲಿಲ್ಲ. ಒಬ್ಬರಿಗೆ ಎರಡು ಸಾಲು ಇರಲೇಬೇಕು ಅಂತ ಶಿವಕುಮಾರ ಅಂದುಕೊಂಡಿದ್ದ. ಅಂದುಕೊಂಡದ್ದನ್ನು ಅವಳಿಗೆ ಹೇಳಿರಲಿಲ್ಲ. ಇಬ್ಬರೂ ಒಂದೇ ಅಂಗಡಿಯಲ್ಲಿ, ಎರಡು ಮಾರು ದೂರದಲ್ಲಿ ಕೂತು ಕೆಲಸ ಮಾಡುವವರು. ನಮ್ಮ ಮನೆ, ಆಫೀಸುಗಳಲ್ಲಿ ಎಷ್ಟು ತಪ್ಪುಗಳು ಹೀಗೆ ಎರಡು ಮಾರು ದೂರದಲ್ಲೇ ಹುಟ್ಟುತ್ತವೆ ಅಂತ ಯೋಚಿಸಿ.

ಸರಿಪಡಿಸುವುದಕ್ಕೆ ಹಿಡಿದ ಹೊತ್ತು ಬಹಳ ಕಡಿಮೆ. ಸೆಲ್ವಮ್ಮನ ಎರಡರ ಕೆಳಗೆ ಒಂದು ಸಾಲು ಸೇರಿಸಿ ಅಡ್ಡಗೆರೆ ಹಾಕಿದೆ. ಕೆಳಗಿನ ಅಷ್ಟೂ ನಂಬರುಗಳು ತಮ್ಮ ತಮ್ಮ ಯಜಮಾನರ ಮುಂದೆ ಹೋಗಿ ಕೂತವು. ಕೊನೆಯ ರೈತರಿಗೆ ಬಲಗಣ್ಣು ಎರಡು ಮುಕ್ಕಾಲು, ಎಡಗಣ್ಣು ಒಂದೂವರೆ ಅಂತ ಬಂತು. ಹೆಸರಿನ ಪಕ್ಕದಲ್ಲಿ, ಈ ಹೆಸರಿನ ಕೆಳಗೆ ಎಷ್ಟು ಸಾಲು ಇದೆ ಅಂತ ಎಣಿಸುವ ಒಂದು ಕಾಲಂ ಮಾಡಿಕೊಟ್ಟೆ. ಎರಡಲ್ಲದಿದ್ದರೆ ಕೆಂಪಾಗುತ್ತದೆ. ಕೆಂಪಾದರೆ ತುಂಬಬೇಡ, ಫೋನ್ ಮಾಡು ಅಂತ ಶಿವಕುಮಾರನಿಗೆ ಹೇಳಿದೆ. ಅವನು ವಾದ ಮಾಡಲಿಲ್ಲ. ಅಂಗಡಿಯ ಷಟರ್ ಅರ್ಧ ಎಳೆದು ಒಬ್ಬನೇ ಟೀ ಕುಡಿದು ಬಂದ. ಬಂದವನೇ ಗಾಜು ಕಡೆಯುವವರಿಗೆ ಫೋನ್ ಮಾಡಿ ಗೋಪಿನಾಥಂನ ಅರ್ಧ, ಶಾಗ್ಯದ ಪೂರ್ತಿ ಹೊಸದಾಗಿ ಮಾಡಿ ಅಂದ. ಗಾಜುಗಳನ್ನು ಅದಲುಬದಲು ಮಾಡಿದರೆ ಸಾಲದೇ ಅಂತ ನಾನು ಕೇಳಿದ್ದಕ್ಕೆ, ಬಲದ ಚೌಕಟ್ಟಿಗೆ ಕತ್ತರಿಸಿದ ಗಾಜು ಎಡಕ್ಕೆ ಕೂರುವುದಿಲ್ಲ ಅಂದ.

ಹೊಸ ಕನ್ನಡಕ ಬಂದ ಮೇಲೆ ಮೂವರೂ ಶಿವಕುಮಾರನ ಕಾರಿನಲ್ಲಿ ಹೊರಟೆವು. ಈ ಸಲ ಡಬ್ಬಿ ಕೊಟ್ಟು ಫೋಟೋ ತೆಗೆದು ಬರುವುದಲ್ಲ, ಒಬ್ಬೊಬ್ಬರ ಮುಖಕ್ಕೂ ಹಾಕಿ, ಓದಿಸಿ, ಆಮೇಲೆ ಬಿಡುವುದು ಅಂತ ರೇಖಾ ಮೊದಲೇ ಹೇಳಿದ್ದಳು.

ಶಾಗ್ಯದಲ್ಲಿ ಚಿಕ್ಕಮ್ಮನ ಜಗಲಿಯೇ ಕ್ಲಿನಿಕ್. ಒಬ್ಬೊಬ್ಬರಾಗಿ ಬಂದರು. ಶಿವಕುಮಾರ ಎಲ್ಲರಿಗೂ ತಾನೇ ಹೇಳಿದ, ತಪ್ಪು ನಿಮ್ಮ ಕಣ್ಣಿನದಲ್ಲ, ನಮ್ಮ ಟೇಬಲ್ಲಿನದು ಅಂತ. ಯಾರೂ ಬೈಯಲಿಲ್ಲ. ದೇವರ ಗೂಡಿನಲ್ಲಿ ಕನ್ನಡಕ ಇಟ್ಟಿದ್ದವರು ಹೊಸದು ಹಾಕಿಕೊಂಡು ರಸ್ತೆಯಾಚೆ ಕಟ್ಟಿದ್ದ ತಮ್ಮ ಹಸುವನ್ನು ಬಹಳ ಹೊತ್ತು ನೋಡಿದರು. ಕಿವಿಯ ಹತ್ತಿರ ಉಣ್ಣೆಹುಳ ಕಚ್ಚಿಕೊಂಡಿದೆ ಅಂತ ಎದ್ದು ಹೋದರು.

ಚಿಕ್ಕತಾಯಮ್ಮ ಕೊನೆಗೆ ಬಂದರು. ರೇಖಾ ಕನ್ನಡಕ ಹಾಕಿದಳು, ನೆಟ್ಟಗೆ. ಅವರು ಓದುವ ಹಾಳೆಯ ಕಡೆ ನೋಡಲೇ ಇಲ್ಲ. ತಮ್ಮ ಸೆರಗಿನ ಅಂಚನ್ನು ಹಿಡಿದು ನೇಯ್ಗೆ ನೋಡಿದರು. ಸೊಂಟದ ಸಂಚಿಯಿಂದ ಸೂಜಿ ತೆಗೆದು ಒಂದೇ ಸಲಕ್ಕೆ ದಾರ ಪೋಣಿಸಿದರು. ಆಮೇಲೆ ಸೂಜಿಯನ್ನು ಸುಮ್ಮನೆ ಕೈಯಲ್ಲಿ ಹಿಡಿದು ಕೂತರು.

ನಾನು ಪಕ್ಕದಲ್ಲೇ ಇದ್ದ ಅವರ ಮನೆಯೊಳಗೆ ಇಣುಕಿದೆ. ಬೆಡ್‌ಶೀಟ್ ಮಡಚಿ ಇಟ್ಟಿತ್ತು. ಮೆಷಿನ್ ಇರಲಿಲ್ಲ.

ಮಂಜುಳ ಬಂದು ತೆಗೆದುಕೊಂಡು ಹೋಗಿದ್ದಳು. ಗಾಡಿ ಮಾಡಿಕೊಂಡು ಬಂದ ಹುಡುಗಿಯನ್ನು ಬರಿಗೈಯಲ್ಲಿ ಕಳಿಸುವುದು ಹೇಗೆ ಅಂತ ಕೊಟ್ಟುಬಿಟ್ಟಿದ್ದರು. ನನ್ನ ಮಾತನ್ನು ಅವರು ಮರೆತಿರಲಿಲ್ಲ, ನಂಬಿರಲಿಲ್ಲ ಅಷ್ಟೇ. ಶಿವಕುಮಾರ ಹೊಸ ಮೆಷಿನ್ ಕೊಡಿಸುತ್ತೇನೆ ಅಂದ. ಅವರು ಬೇಡ ಅಂತ ತಲೆಯಾಡಿಸಿದರು. ಹಾಗಾದರೆ ಈಗಲೇ ಹನೂರಿಗೆ ಹೋಗಿ ವಾಪಸ್ ತರುತ್ತೇನೆ ಅಂದ. ಅದಕ್ಕೂ ಒಪ್ಪಲಿಲ್ಲ.

"ಕೊಟ್ಟಿದ್ದ ಎಂಗ್ ಕೇಳದು ಸಾ," ಅಂದರು. "ಅವ್ಳ ಕಣ್ಣು ಸರ್ಯಾಗದ, ಒಲ್ಕಳ್ಳಿ."

ನಾನೇ ಮಂಜುಳಗೆ ಫೋನ್ ಮಾಡಿದೆ. ವಿಷಯವೆಲ್ಲ ಹೇಳಿದೆ. ಮೊದಲ ಆರ್ಡರ್ ಹಿಡಿದಿದ್ದಳಂತೆ, ಒಂದು ಮದುವೆಯ ರವಿಕೆಗಳು. ಅದು ಮುಗಿಯುವವರೆಗೆ ಇಟ್ಟುಕೊಳ್ಳುತ್ತೇನೆ, ಆಮೇಲೆ ನಾನೇ ತಂದಿಡುತ್ತೇನೆ, ಅತ್ತೆಗೆ ಹೇಳಿ ಅಂದಳು. ಹೇಳಿದೆ. ಚಿಕ್ಕತಾಯಮ್ಮ ಅದಕ್ಕೂ ಹೂಂ ಅಂದರು. ಈಗ ಹುಕ್ಕು, ಕಾಜ, ಅಂಚು ಇಂಥ ಕೈಕೆಲಸ ಮಾಡುತ್ತಿದ್ದಾರೆ. ವಾಪಸ್ ಹೋದ ಬಟ್ಟೆಗಳು ಬೇರೆಯವರ ಕೈ ಸೇರಿಯಾಗಿದೆ. ಎಕ್ಸೆಲ್‌ನಲ್ಲಿ ಒಂದು ಸಾಲು ಸೇರಿಸಿದರೆ ಕೆಳಗಿನದೆಲ್ಲ ತಾನಾಗಿ ಸರಿಯುತ್ತದೆ. ಊರಿನಲ್ಲಿ ಹಾಗೆ ಸರಿಯುವುದಿಲ್ಲ.

ಅಲ್ಲಿಂದ ಗೋಪಿನಾಥಂ. ಬೆಟ್ಟ ಹತ್ತಿ ಇಳಿದು, ಪಾಲಾರ್ ಹತ್ತಿರ ತಿರುಗಿ ಕಾಡಿನ ರಸ್ತೆ ಹಿಡಿದಾಗ ಬಿಸಿಲು ನೆತ್ತಿಯ ಮೇಲಿತ್ತು. ಮೊಬೈಲ್ ಸಿಗ್ನಲ್ ಹೋಯಿತು. ದಾರಿಯಲ್ಲಿ ಶಿವಕುಮಾರ ಸ್ವಲ್ಪ ಹಗುರಾಗಿದ್ದ. ಇಷ್ಟೆಲ್ಲ ಅವಾಂತರದಲ್ಲಿ ಸೆಲ್ವಮ್ಮನೊಬ್ಬರಿಗೆ ಏನೂ ತೊಂದರೆ ಆಗಿಲ್ಲ ಅಂತ ಲೆಕ್ಕ ಹಾಕಿದ್ದ. ಅವರ ಬಲಗಣ್ಣಿನ ನಂಬರ್ ಸರಿಯಾಗಿಯೇ ಹೋಗಿದೆ. ಎಡಗಡೆ ಮುರುಗೇಶನ ಗಾಜು ಇದೆ ನಿಜ, ಆದರೆ ಆ ಕಣ್ಣು ಹೇಗೂ ಕಾಣುವುದಿಲ್ಲ. ಯಾವ ಗಾಜು ಇದ್ದರೇನು? ಹಾಗಾಗಿ ಅವರಿಗೆ ಹೊಸ ಕನ್ನಡಕ ಮಾಡಿಸಿಯೇ ಇರಲಿಲ್ಲ. ನಾನೂ ಹೌದು ಅಂದೆ. ಲೆಕ್ಕ ಸರಿಯಾಗಿತ್ತು.

ಮುರುಗೇಶ ಮತ್ತು ಉಳಿದವರಿಗೆ ಕನ್ನಡಕ ಹಾಕಿ ಮುಗಿಸುವಷ್ಟರಲ್ಲಿ ಮಧ್ಯಾಹ್ನ ಇಳಿದಿತ್ತು. ಇಲ್ಲಿವರೆಗೆ ಬಂದಿದ್ದೇವೆ, ಸೆಲ್ವಮ್ಮನನ್ನೂ ನೋಡಿಬಿಡೋಣ ಅಂದಳು ರೇಖಾ. ಮನೆ ಊರಿನ ಕೊನೆಯಲ್ಲಿ. ಅಂಗಳದ ಹುಣಸೆ ಮರದ ಕೆಳಗೆ ಬಲೆ ಹರಡಿಕೊಂಡು, ಹರಿದ ಕಣ್ಣುಗಳನ್ನು ಒಂದೊಂದಾಗಿ ಗಂಟು ಹಾಕುತ್ತಿದ್ದರು. ಅರವತ್ತರ ಹತ್ತಿರದ ಹೆಂಗಸು. ಗಂಡ, ಮಗ ಇಬ್ಬರೂ ಮೀನು ಹಿಡಿಯುತ್ತಾರೆ, ಬಲೆ ಇವರ ಪಾಲಿಗೆ. ಮುಖದ ಮೇಲೆ ನಮ್ಮ ಕನ್ನಡಕ. ಚೆನ್ನಾಗಿ ಕಾಣುತ್ತಿದೆ, ಈಗ ಬಲೆ ಬೇಗ ಮುಗಿಯುತ್ತದೆ ಅಂತ ಕನ್ನಡ, ತಮಿಳು ಎರಡೂ ಸೇರಿಸಿ ಹೇಳಿದರು. ಶಿವಕುಮಾರ ನನ್ನ ಕಡೆ ನೋಡಿದ, ನಾನು ಹೇಳಲಿಲ್ಲವಾ ಅನ್ನುವ ಹಾಗೆ.

ಅಷ್ಟರಲ್ಲಿ ಯಾರೋ ಬಂದರು. ಎದುರು ಮನೆಯವರು, ಏನೋ ಪಾತ್ರೆ ವಾಪಸ್ ಕೊಡುವುದಕ್ಕೆ. ಬಂದದ್ದೇ ತಡ, ಸೆಲ್ವಮ್ಮ ಕನ್ನಡಕ ತೆಗೆದು ಬಲೆಯ ಕೆಳಗೆ ಸೇರಿಸಿದರು. ಅವರು ಹೋದ ಮೇಲೆ ಮತ್ತೆ ಹಾಕಿಕೊಂಡರು.

ರೇಖಾಗೆ ಅದು ಕಾಣಿಸಿತು. ಯಾಕಮ್ಮ ತೆಗೆದಿರಿ ಅಂತ ಕೇಳಿದಳು. ಸೆಲ್ವಮ್ಮ ಮೊದಲು ಏನೂ ಇಲ್ಲ ಅಂದರು. ಎರಡನೇ ಸಲ ಕೇಳಿದಾಗ ಹೇಳಿದರು.

"ಈ ಗ್ಲಾಸ್‌ನಾಗ ಸತ್ತ ಕಣ್ಣು ದೊಡ್ಡದಾಗಿ ಕಾಣ್ತದ ತಾಯಿ. ಬಸ್ಸಾಗ ಮಕ್ಕಳು ನೋಡಿ ಅವ್ರವ್ವನ ಸೆರಗು ಇಡ್ಕತವ."

ನಾನು ಆಗ ಮೊದಲ ಸಲ ಅವರ ಮುಖ ಸರಿಯಾಗಿ ನೋಡಿದೆ. ಮುರುಗೇಶನ ನಂಬರ್ ದೊಡ್ಡದು, ಮೂರೂವರೆ. ಗಾಜು ದಪ್ಪ. ಅದರ ಹಿಂದೆ ಬಿಳಿಚಿಕೊಂಡ ಆ ಕಣ್ಣು ಇನ್ನೊಂದು ಕಣ್ಣಿಗಿಂತ ಎಷ್ಟೋ ದೊಡ್ಡದಾಗಿ ಕಾಣುತ್ತಿತ್ತು. ಎಷ್ಟೋ ವರ್ಷದಿಂದ ಸೆರಗಿನ ನೆರಳಿನಲ್ಲಿ ಮರೆಮಾಡಿಕೊಂಡು ಬಂದದ್ದನ್ನು ನಾವು ಭೂತಗನ್ನಡಿ ಇಟ್ಟು ಊರಿಗೆ ತೋರಿಸಿದ್ದೆವು.

ಶಿವಕುಮಾರ ಬಲೆಯ ಪಕ್ಕ ನೆಲದ ಮೇಲೆ ಕೂತ. ಕನ್ನಡಕ ಕೊಡಿ ಅಂತ ಕೇಳಿ ತೆಗೆದುಕೊಂಡ. ಆ ಕಡೆಗೆ ಯಾವ ಗಾಜು ಹಾಕಿಸಲಿ ಅಂತ ಕೇಳಿದ. ಸಾದಾ ಗಾಜು ಹಾಕಿದರೆ ಕಣ್ಣು ಇದ್ದ ಹಾಗೇ ಕಾಣುತ್ತದೆ. ಸ್ವಲ್ಪ ಮಬ್ಬು ಬಣ್ಣದ್ದು ಹಾಕಿದರೆ ಅಷ್ಟಾಗಿ ಕಾಣುವುದಿಲ್ಲ. ಎರಡಕ್ಕೂ ಮಬ್ಬು ಹಾಕಿದರೆ ತಂಪು ಕನ್ನಡಕದ ಹಾಗಿರುತ್ತದೆ, ಆದರೆ ಸಂಜೆ ಬಲೆ ಕಟ್ಟುವುದಕ್ಕೆ ಕಷ್ಟ. ಒಂದೊಂದನ್ನೂ ಬಿಡಿಸಿ ಹೇಳಿದ. ಅವರು ಕೈಯಲ್ಲಿದ್ದ ದಾರ ಕೆಳಗಿಟ್ಟು ಯೋಚಿಸಿದರು. ಆ ಕಡೆಗೆ ಮಾತ್ರ ಮಬ್ಬು ಇರಲಿ ಅಂದರು. ಕಂದು ಬಣ್ಣವಾ, ಹೊಗೆ ಬಣ್ಣವಾ ಅಂತ ಕೇಳಿದ. ಅದಕ್ಕೆ ಅವರು ನಕ್ಕರು. ಇಷ್ಟು ವರ್ಷದಲ್ಲಿ ಈ ಕಣ್ಣಿಗೆ ಏನು ಬೇಕು ಅಂತ ಯಾರೂ ಕೇಳಿರಲಿಲ್ಲ ಸಾ ಅಂದರು. ಹೊಗೆ ಬಣ್ಣ ಅಂದರು.

ಬಲೆ ಕೆಲಸ ನಿಲ್ಲಬಾರದು ಅಂತ ಸದ್ಯಕ್ಕೆ ಕನ್ನಡಕವನ್ನು ಅವರಲ್ಲೇ ಬಿಟ್ಟು ಬಂದೆವು. ಮುಂದಿನ ವಾರ ಶಿವಕುಮಾರ ಹೊಸ ಗಾಜು ಕೂರಿಸಿದ ಇನ್ನೊಂದು ಜೊತೆಯನ್ನು ತಾನೇ ಬೈಕಿನಲ್ಲಿ ತೆಗೆದುಕೊಂಡು ಹೋಗಿ ಕೊಟ್ಟ. ಸೆಲ್ವಮ್ಮ ಅದನ್ನು ಹಾಕಿಕೊಂಡೇ ಬೈಕಿನ ಪಕ್ಕ ಬಸ್ ಸ್ಟಾಪಿನವರೆಗೆ ನಡೆದು ಬಂದು ಕಳಿಸಿಕೊಟ್ಟರು ಅಂತ ಹೇಳಿದ. ಫೋಟೋ ತೆಗೆದೆಯಾ ಅಂತ ಗ್ರೂಪಿನಲ್ಲಿ ಯಾರೋ ಕೇಳಿದರು. ಇಲ್ಲ ಅಂದ.

ಟೇಬಲ್ಲಿನಲ್ಲಿ ಸೆಲ್ವಮ್ಮನ ಎಡಗಣ್ಣಿನ ಮನೆಯಲ್ಲಿ ನಾನು ಹಾಕಿದ್ದ ಅಡ್ಡಗೆರೆ ಈಗ ಇಲ್ಲ. ಹೊಗೆ ಬಣ್ಣ ಅಂತ ಬರೆದಿದೆ. ನಂಬರುಗಳೇ ಇರುವ ಕಾಲಂನಲ್ಲಿ ಎರಡು ಕನ್ನಡ ಪದ. ರಿಪೋರ್ಟ್ ಸಾಫ್ಟ್‌ವೇರ್ ಅದನ್ನು ಒಪ್ಪುತ್ತಿಲ್ಲ, ಪ್ರತಿ ಸಲ ತಕರಾರು ಮಾಡುತ್ತದೆ. ಶಿವಕುಮಾರ ಹಾಗೇ ಬಿಟ್ಟಿದ್ದಾನೆ.

ಖಾಲಿ ಮನೆ ಕಂಡರೆ ತುಂಬುವುದಕ್ಕೆ ನಮಗೆಲ್ಲ ಎಷ್ಟು ಅವಸರ. ಕೇಳುವುದಕ್ಕೆ ಯಾಕೆ ಇಷ್ಟು ಸಂಕೋಚ?